ಉಳಿದ ಆರು ಕ್ರೆಡಿಟ್

ಕುತೈಸಿಯಲ್ಲಿ ಆವತ್ತು ಹೀಟರು ಕೈಕೊಟ್ಟಿತ್ತು.
ಕೋಟು ಬಿಚ್ಚದೆ ಕೂತಿದ್ದೆವು ಐದು ಜನ,
ಮೂರನೇ ಮಹಡಿ, ರಸ್ತೆಯ ಕಡೆಗೆ ಕಿಟಕಿ.
ಅರ್ಥಶಾಸ್ತ್ರ ಕಲಿಸುವವರಿಗೆ ಕಲಿಸುವುದು ಹೇಗೆ?
ಎರಡು ವರ್ಷ, ನೂರಿಪ್ಪತ್ತು ಕ್ರೆಡಿಟ್,
ಸ್ನಾತಕೋತ್ತರ ಪದವಿಯ ನಕ್ಷೆ
ಶುಕ್ರವಾರದೊಳಗೆ ತ್ಬಿಲಿಸಿ ಮುಟ್ಟಬೇಕು.
ನಡಾವಳಿ ಬರೆಯುವ ಪಾಡು ನನ್ನದು,
ಎಲ್ಲರಿಗಿಂತ ಕಿರಿಯನಾದ್ದರಿಂದ.

ಒತಿಯಾ ಸರ್ ಕೂರುವ ಮೊದಲೇ ಹೇಳಿದರು:
ಗಣಿತಕ್ಕೆ ಮೂವತ್ತು, ಒಂದೂ ಕಮ್ಮಿಯಾಗಕೂಡದು.
ಅವರ ಮೀಸೆಯಲ್ಲಿ ಆಕ್ರೋಟಿನ ಚೂರು;
ಹೇಳುವ ಧೈರ್ಯ ಯಾರಿಗೂ ಇಲ್ಲ.
ಬೋಧನಾಕ್ರಮದ ಲಾಮಾರಾ
ಮೂವತ್ತು ಕೇಳಿ ಇಪ್ಪತ್ತನಾಲ್ಕಕ್ಕೆ ಇಳಿದಳು,
ಸಂತೆಯಲ್ಲಿ ಸೊಪ್ಪು ಕೊಂಡಂತೆ.
ಚಿಂತನೆಯ ಇತಿಹಾಸಕ್ಕೆ ಹನ್ನೆರಡು,
ಪ್ರಬಂಧಕ್ಕೆ ಮೂವತ್ತು,
ಶಾಲೆಯಲ್ಲಿ ನಿಂತು ಪಾಠ ಮಾಡುವುದಕ್ಕೆ ಹದಿನೆಂಟು.
ಅಳೆದೂ ಸುರಿದೂ ಕೂಡಿಸಿದರೆ
ನೂರ ಹದಿನಾಲ್ಕು.
ಆರು ಉಳಿಯಿತು,
ಪಾತ್ರೆಯ ತಳದ ಅನ್ನದ ಹಾಗೆ:
ಬಿಡುವಂತಿಲ್ಲ, ಯಾರಿಗೂ ಹಸಿವೂ ಇಲ್ಲ.

ಅಂಕಿಅಂಶ ಎಂದರು ಒತಿಯಾ.
ಕಂಪ್ಯೂಟರ್ ಎಂದ ಬೇಜಾನ್,
ಅರ್ಜಿ ನಮೂನೆಯನ್ನು ಮಗುವಿನಂತೆ ತೊಡೆಯ ಮೇಲಿಟ್ಟುಕೊಂಡು.

ಸಮ್ತ್ರೇದಿಯಾದ ಶಾಲೆಯಿಂದ ಕರೆಸಿದ್ದೆವು ಜುಜುನಾ ಮೇಡಂರನ್ನು,
ನಿಯಮವಿದೆ, ಸಮಿತಿಯಲ್ಲಿ ಶಿಕ್ಷಕರೊಬ್ಬರು ಇರಬೇಕು.
ಬೆಳಗಿನಿಂದ ಚಹಾದ ಲೋಟವನ್ನಷ್ಟೇ ಹಿಡಿದಿದ್ದವರು
ಈಗ ಕೆಳಗಿಟ್ಟರು.

'ತೊಂಬತ್ತಮೂರರ ಚಳಿಗಾಲ.
ಸಮಾಜವಾದದ ಪುಸ್ತಕ ಒಲೆಗೆ ಹೋಗಿತ್ತು,
ಹೊಸ ಪುಸ್ತಕ ಬಂದಿರಲಿಲ್ಲ.
ಸಂಬಳ ಕೂಪನ್ನಿನಲ್ಲಿ,
ಎಣಿಸಿ ಮುಗಿಸುವಷ್ಟರಲ್ಲಿ ಅದರ ಬೆಲೆ ಇಳಿದಿರುತ್ತಿತ್ತು.
ಯಾರದೋ ಟಿಪ್ಪಣಿ ನೋಡಿ ಬೋರ್ಡಿನ ಮೇಲೆ
ಎರಡು ಗೆರೆ ಎಳೆದೆ, ಬೇಡಿಕೆ, ಪೂರೈಕೆ.
ಎರಡೂ ಕೂಡುವಲ್ಲಿ ಚುಕ್ಕೆ ಇಟ್ಟೆ,
ಇಲ್ಲಿ ಇಬ್ಬರಿಗೂ ಒಪ್ಪಿಗೆ ಎಂದೆ.
ಎರಡನೇ ಬೆಂಚಿನ ದಾಲಿ ಎದ್ದು ನಿಂತಳು.
ಮಿಸ್, ನಮ್ಮಮ್ಮ ಮೂರು ಮೂಟೆ ಹಿಟ್ಟಿಗೆ
ಪಿಯಾನೋ ಕೊಟ್ಟಳಲ್ಲ,
ಅದು ಆ ಚುಕ್ಕೆಯಲ್ಲಿ ಬರುತ್ತಾ?'

ಪ್ರತಿ ಪಕ್ಷಕ್ಕೂ ಲಾಭವಿಲ್ಲದೆ ವಿನಿಮಯ,
ಎಂದು ಶುರುಮಾಡಿದರು ಒತಿಯಾ.

'ಹಿಟ್ಟು ನಮ್ಮದು' ಎಂದರು ಜುಜುನಾ.
'ನನ್ನ ಗಂಡ ಗಿರಣಿಯಲ್ಲಿದ್ದ.
ಪಿಯಾನೋ ಈಗಲೂ ನಮ್ಮ ಮನೆಯಲ್ಲೇ ಇದೆ,
ಮೇಲೆ ಉಪ್ಪಿನಕಾಯಿ ಜಾಡಿ ಸಾಲಿಟ್ಟಿದ್ದೇನೆ.
ಮಕ್ಕಳಿಗೆಲ್ಲ ಗೊತ್ತಿತ್ತು.
ನಾನು ಬೋರ್ಡು ಒರೆಸಿದೆ,
ಒರೆಸಿದ್ದನ್ನೇ ಮತ್ತೆ ಒರೆಸಿದೆ, ಗಂಟೆ ಬಾರಿಸುವವರೆಗೆ.
ಆ ಹನ್ನೊಂದು ನಿಮಿಷ
ಟೀಚರಾದವಳು ಏನು ಮಾಡಬೇಕಿತ್ತು,
ನಿಮ್ಮ ಪಟ್ಟಿಯಲ್ಲಿ ಎಲ್ಲೂ ಕಾಣಲಿಲ್ಲ.
ಕಣ್ಣು ಮಂಜು, ನೀವೇ ಹುಡುಕಿ ಹೇಳಿ.'

ಒತಿಯಾ ಮೀಸೆ ಒರೆಸಿಕೊಂಡರು, ಚೂರು ಬಿತ್ತು.
ಲಾಮಾರಾ ತನ್ನ ಇಪ್ಪತ್ತನಾಲ್ಕನ್ನು
ಬೆರಳಿನಿಂದ ಮೇಲಿಂದ ಕೆಳಗೆ ಓದಿದಳು,
ಮತ್ತೆ ಕೆಳಗಿಂದ ಮೇಲೆ.
'ಹೆಸರೇನಿಡೋಣ?' ಎಂದ ಬೇಜಾನ್ ಮೆಲ್ಲಗೆ.
'ಚೌಕದಲ್ಲಿ ಅರವತ್ತು ಅಕ್ಷರಕ್ಕಷ್ಟೇ ಜಾಗ.
ಕಲಿಕೆಯ ಫಲಿತಾಂಶವನ್ನೂ ತುಂಬಬೇಕು,
ಅಳೆಯಬಲ್ಲ ಕ್ರಿಯಾಪದದಲ್ಲಿ.'

ಒಂದು ತಾಸು ಹುಡುಕಿದೆವು ಕ್ರಿಯಾಪದ.
ವಿವರಿಸುವರು. ಅಲ್ಲ.
ವಿಶ್ಲೇಷಿಸುವರು. ಅದೂ ಅಲ್ಲ.
ನಾಚುವರು ಎಂದು ಬರೆಯಲಾದೀತೆ,
ಅಂಕ ಕೊಡುವುದು ಹೇಗೆ?
ಕತ್ತಲಾಯಿತು. ಶುಕ್ರವಾರ ಹತ್ತಿರವಿತ್ತು.
'ಶಾಲಾ ಅಭ್ಯಾಸ, ಭಾಗ ಎರಡು. ಕ್ರೆಡಿಟ್ ಆರು.
ಚರ್ಚೆಯ ನಂತರ ಸರ್ವಾನುಮತದಿಂದ ಅಂಗೀಕೃತ.'
ನಡಾವಳಿಯಲ್ಲಿ ಇದಿಷ್ಟೇ ಇದೆ, ನನ್ನದೇ ಕೈಬರಹ.

ಎಲ್ಲರೂ ಇಳಿದು ಹೋದ ಮೇಲೆ
ಲೋಟ ತೆಗೆಯುತ್ತಾ ಕಿಟಕಿಗೆ ಬಂದೆ.
ಕೆಳಗೆ ಸಮ್ತ್ರೇದಿಯಾದ ವ್ಯಾನು, ಹೊಗೆ.
ಬಾಗಿಲು ಹಿಡಿದು ಜುಜುನಾ
ಡ್ರೈವರನ ಜೊತೆ ವಾದಕ್ಕೆ ನಿಂತಿದ್ದಾರೆ:
ಬೆಳಿಗ್ಗೆ ಮೂರಿತ್ತಲ್ಲಪ್ಪಾ,
ಸಂಜೆಗೆ ಹೇಗಾಯ್ತು ಮೂರೂವರೆ?
ಅವನೇನೋ ಹೇಳಿದ, ಕೇಳಿಸಲಿಲ್ಲ.
ಕೈಗವಸು ಕಳಚಿ, ಬೀದಿದೀಪದ ಕಡೆಗೆ ಅಂಗೈ ಚಾಚಿ,
ಅವರು ಚಿಲ್ಲರೆ ಎಣಿಸತೊಡಗಿದರು.